ತೊಟ್ಟಿಲಿನ ಪಕ್ಕದಿಂದ ಮತ್ತೆ ದುಡಿಮೆಗೆ: ಪಂಡಿತಾ ರಮಾಬಾಯಿಯವರ ಬದುಕು



ಕಿರಿಯ ಮಗು ಶಾಲೆಗೆ ಹೋಗಲು ಶುರುವಾದ ಮೇಲೆ ಎಷ್ಟೋ ತಾಯಂದಿರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಈಗ ಮತ್ತೆ ಕೆಲಸಕ್ಕೆ ಹೋಗಬಹುದೇ? ಪ್ರಶ್ನೆಯ ಹಿಂದೆಯೇ ಭಯವೂ ಬರುತ್ತದೆ. ಕಲಿತದ್ದೆಲ್ಲ ಮರೆತು ಹೋಗಿದೆ, ಇಷ್ಟು ವರ್ಷ ಮನೆಯಲ್ಲಿ ಸುಮ್ಮನೆ ಇದ್ದವಳನ್ನು ಯಾರು ಕರೆದಾರು ಎಂಬ ಭಯ. ಮನೆಯವರ ಪ್ರಶ್ನೆಗಳು ಬೇರೆ. ಬೆಳಿಗ್ಗೆ ರೊಟ್ಟಿ ಬಡಿಯುವವರು ಯಾರು? ಮಗುವಿಗೆ ಜ್ವರ ಬಂದರೆ ನೋಡುವವರು ಯಾರು?

ವಾಡಿ, ಶಹಾಬಾದ್, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಕಾಲೋನಿಗಳಲ್ಲಿ ಇಂಥ ತಾಯಂದಿರು ಬಹಳ ಮಂದಿ ಇದ್ದಾರೆ. ಚಿತ್ತಾಪುರದ ತೊಗರಿ ಹೊಲದಲ್ಲಿ, ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯ ಕಡೆ ದುಡಿಯುವ ತಾಯಿಯ ಕಷ್ಟ ಇನ್ನೊಂದು ರೀತಿಯದು. ಆಕೆಗೆ ಮನೆಯಲ್ಲಿ ಉಳಿಯುವ ಆಯ್ಕೆಯೇ ಇರುವುದಿಲ್ಲ. ಬೇವಿನ ಮರಕ್ಕೆ ಜೋಳಿಗೆ ಕಟ್ಟಿ, ಕೂಸನ್ನು ಅದರಲ್ಲಿ ಮಲಗಿಸಿ ಕಳೆ ತೆಗೆಯಲು ಹೋಗುತ್ತಾಳೆ. ಇಬ್ಬರ ಪ್ರಶ್ನೆಯೂ ಒಂದೇ. ಮಗುವನ್ನು ಬಿಡದೆ ದುಡಿಯುವುದು ಹೇಗೆ?

ಇಂಥ ತಾಯಂದಿರ ಕೈಗೆ ಇಂದು ಒಬ್ಬ ಮಹಾತಾಯಿಯ ಜೀವನಕಥೆಯನ್ನು ಇಡಲು ಬಯಸುತ್ತೇನೆ. ಅವರೇ ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು ನಮ್ಮ ಕನ್ನಡ ನಾಡಿನ ಕಾಡಿನಲ್ಲಿ. ಮುಪ್ಪಿನಲ್ಲಿ ಅವರ ಕೆಲಸದ ಒಂದು ಕೊಂಬೆ ನಮ್ಮ ಕಲಬುರಗಿಯ ವರೆಗೂ ಚಾಚಿತು. ಅವರು ಮನೆ ಮತ್ತು ಕೂಸು ಎಂದು ಉಳಿದದ್ದು ಹೆಚ್ಚು ವರ್ಷವಲ್ಲ, ಎರಡು ವರ್ಷವೂ ತುಂಬಿರಲಿಲ್ಲ. ಆದರೆ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಮತ್ತೆ ದುಡಿಮೆಗೆ ಇಳಿಯುವುದೆಂದರೆ ಏನು ಎಂಬುದನ್ನು ಅವರಷ್ಟು ಬಲ್ಲವರು ವಿರಳ.

ಗಂಗಾಮೂಲದ ಮಗಳು

ರಮಾಬಾಯಿಯವರು 1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಸ್ಥಳ ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದ ಕಡೆಯವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಣ್ಣಿಗೆ ಶಾಸ್ತ್ರ ಕಲಿಸಬಾರದೆಂಬ ಕಾಲದಲ್ಲಿ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಊರಿನವರ ವಿರೋಧ ಕಟ್ಟಿಕೊಂಡರು. ಕೊನೆಗೆ ಕಾಡಿನ ನಡುವೆ ಮನೆ ಮಾಡಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಿದ್ದರು.

ಮಗಳಿಗೆ ವಿದ್ಯೆ ಕಲಿಸಿದವರು ಮುಖ್ಯವಾಗಿ ತಾಯಿ. ದಿನವೆಲ್ಲ ಅಡುಗೆ, ನೀರು, ಅತಿಥಿಗಳು, ಶಿಷ್ಯರು ಎಂದು ಆ ತಾಯಿಗೆ ಬಿಡುವೇ ಇರಲಿಲ್ಲ. ಆದ್ದರಿಂದ ಬೆಳಕು ಹರಿಯುವ ಮುಂಚೆ, ನಿದ್ದೆಗಣ್ಣಿನ ಮಗಳನ್ನು ಮುದ್ದಾಡಿ ಎಬ್ಬಿಸಿ, ಮನೆಗೆಲಸ ಶುರುವಾಗುವುದರೊಳಗೆ ಪಾಠ ಹೇಳುತ್ತಿದ್ದರು. ಕೈಯಲ್ಲಿ ಪುಸ್ತಕವಿಲ್ಲ, ತಾಯಿಯ ಬಾಯಿಯೇ ಪುಸ್ತಕ. ಹೀಗೆ ಭಾಗವತದ ಶ್ಲೋಕಗಳು ಮಗಳಿಗೆ ಬಾಯಿಪಾಠವಾದವು.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಮುಂದೆ ದೇಶವೇ ಪಂಡಿತೆ ಎಂದು ಕರೆದ ಹೆಣ್ಣಿಗೆ ವಿದ್ಯಾಲಯವಾದದ್ದು ಒಬ್ಬ ಗೃಹಿಣಿಯ ಮುಂಜಾವು. ಎಷ್ಟೋ ವರ್ಷಗಳ ಅನಂತರ ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದಾಗ ರಮಾಬಾಯಿ ಅದನ್ನು ತಮ್ಮ ತಾಯಿಯ ನೆನಪಿಗೇ ಅರ್ಪಿಸಿದರು. ಮನೆಯಲ್ಲಿರುವ ತಾಯಿ ಸುಮ್ಮನೆ ಇದ್ದಾಳೆ ಎಂದು ಹೇಳುವವರು ಲಕ್ಷ್ಮೀಬಾಯಿಯವರನ್ನು ನೆನೆಯಲಿ.

ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗಲೇ ಈ ಕುಟುಂಬ ಗಂಗಾಮೂಲವನ್ನು ಬಿಟ್ಟಿತು. ಅಂದಿನಿಂದ ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ನಡೆಯುತ್ತ, ಪುರಾಣ ಹೇಳುತ್ತ ಜೀವನ. ನಡೆದಾಡಿದ ನಾಡುಗಳ ಭಾಷೆಗಳೆಲ್ಲ ನಾಲಿಗೆಗೆ ಬಂದವು, ಕನ್ನಡವೂ ಅವುಗಳಲ್ಲಿ ಒಂದು. 1874ರಿಂದ ಮುಂದಿನ ಬರಗಾಲದ ವರ್ಷಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ಹಸಿವಿನಿಂದ ಸೊರಗಿ ಸತ್ತರು. ಉಳಿದ ಅಣ್ಣ ಶ್ರೀನಿವಾಸನೂ ರಮಾಬಾಯಿಯೂ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಈ ತರುಣಿಯನ್ನು ಪರೀಕ್ಷಿಸಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಸ್ತ್ರೀಯರ ವಿದ್ಯಾಭ್ಯಾಸದ ಬಗ್ಗೆ ಊರೂರುಗಳಲ್ಲಿ ಉಪನ್ಯಾಸ ಮಾಡುವುದೇ ಅವರ ಕೆಲಸವಾಯಿತು.

ಎರಡು ವರ್ಷ ತುಂಬದ ಮನೆ

1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ರಮಾಬಾಯಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ನೋಂದಣಿ ವಿವಾಹವಾದರು. ಜಾತಿ ಬೇರೆ, ಭಾಷೆ ಬೇರೆ; ಇಬ್ಬರನ್ನೂ ಅವರವರ ಸಮಾಜ ಹೊರಗಿಟ್ಟಿತು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. ಹುಟ್ಟಿದಂದಿನಿಂದ ಅಲೆದವರಿಗೆ ಮೊದಲ ಬಾರಿಗೆ ಒಂದು ಸೂರು ಸಿಕ್ಕಿತು. 1881ರ ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಮನೋರಮಾ ಎಂದು ಹೆಸರಿಟ್ಟರು.

ಆ ಮನೆಯ ದಿನಗಳೂ ವ್ಯರ್ಥವಾಗಲಿಲ್ಲ. ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಶುಭಸಂದೇಶದ ಒಂದು ಪುಟ್ಟ ಪ್ರತಿ ಕೈಗೆ ಸಿಕ್ಕಿತು. ಅದನ್ನು ಆಸಕ್ತಿಯಿಂದ ಓದಿದರು. ಬಾಲವಿಧವೆಯರಿಗಾಗಿ ಒಂದು ಶಾಲೆ ತೆರೆಯಬೇಕೆಂದು ಗಂಡಹೆಂಡತಿ ಮಾತಾಡಿಕೊಂಡರು. ಆದರೆ 1882ರ ಫೆಬ್ರವರಿಯಲ್ಲಿ ಕಾಲರಾ ಬಂದು ಬಿಪಿನ್ ತೀರಿಕೊಂಡರು. ರಮಾಬಾಯಿಗೆ ಆಗ ವಯಸ್ಸು ಇಪ್ಪತ್ತಮೂರು. ಕೂಸಿಗೆ ಇನ್ನೂ ವರ್ಷ ತುಂಬಿರಲಿಲ್ಲ. ತವರಿಲ್ಲ, ಅತ್ತೆಯ ಮನೆಯ ಆಸರೆಯಿಲ್ಲ.

ಮಗುವಿನೊಂದಿಗೆ ಮತ್ತೆ ಸಭೆಗೆ

ಅಂದಿನ ವಿಧವೆಗೆ ಸಮಾಜ ತೋರಿಸುತ್ತಿದ್ದುದು ಮನೆಯ ಹಿಂದಿನ ಕತ್ತಲ ಕೋಣೆ. ರಮಾಬಾಯಿ ಅದನ್ನು ಒಪ್ಪಲಿಲ್ಲ. ಕೂಸನ್ನು ಎತ್ತಿಕೊಂಡು ಅದೇ ವರ್ಷ ಪುಣೆಗೆ ಬಂದರು. ಬಿಟ್ಟಿದ್ದ ಉಪನ್ಯಾಸದ ಕೆಲಸವನ್ನು ಮತ್ತೆ ಹಿಡಿದರು. ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದರು. ಸರ್ಕಾರ ನೇಮಿಸಿದ್ದ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳಿ, ಹೆಣ್ಣುಮಕ್ಕಳ ಶಾಲೆಗಳಿಗೆ ತರಬೇತಿ ಪಡೆದ ಶಿಕ್ಷಕಿಯರು ಬೇಕು, ಮಹಿಳಾ ಇನ್ಸ್‌ಪೆಕ್ಟರುಗಳು ಬೇಕು, ಹೆಂಗಸರಿಗೆ ವೈದ್ಯ ಶಿಕ್ಷಣ ಕೊಡಬೇಕು ಎಂದು ಕೇಳಿದರು.

ಹೊರಗಿನಿಂದ ನೋಡಿದರೆ ಇದು ಹಳೆಯ ಕೆಲಸವೇ. ಆದರೆ ಅದನ್ನು ಮಾಡುವವರು ಬದಲಾಗಿದ್ದರು. ಮದುವೆಗೆ ಮುಂಚೆ ಅವರು ಶಾಸ್ತ್ರಗಳನ್ನು ಓದಿ ಸ್ತ್ರೀಯರ ಬಗ್ಗೆ ಮಾತಾಡುತ್ತಿದ್ದರು. ಈಗ ಹೆರಿಗೆಯ ನೋವು, ರಾತ್ರಿ ಅಳುವ ಕೂಸು, ಗಂಡನಿಲ್ಲದ ಮನೆ, ನಾಳೆಯ ಅನ್ನದ ಚಿಂತೆ ಇವೆಲ್ಲ ಅವರ ಸ್ವಂತ ಅನುಭವ. ತತ್ತ್ವಶಾಸ್ತ್ರದಲ್ಲಿ ಎರಡು ಬಗೆಯ ಅರಿವನ್ನು ಹೇಳುತ್ತಾರೆ. ಕೇಳಿ ಬಂದ ಅರಿವು ಒಂದು, ಬಾಳಿ ಬಂದ ಅರಿವು ಇನ್ನೊಂದು. ಮನೆಯಲ್ಲಿ ಕಳೆದ ಆ ಅಲ್ಪ ಕಾಲ ರಮಾಬಾಯಿಗೆ ಎರಡನೆಯದನ್ನು ಕೊಟ್ಟಿತು. ಅವರ ಮುಂದಿನ ಬದುಕಿಗೆಲ್ಲ ಅದೇ ಬಂಡವಾಳವಾಯಿತು.

ಮುಚ್ಚಿದ ಒಂದು ಬಾಗಿಲು

ವೈದ್ಯೆಯಾಗಬೇಕು ಎಂಬುದು ಅವರ ಆಸೆ. ಪುಸ್ತಕದಿಂದ ಬಂದ ಹಣದ ನೆರವಿನಿಂದ 1883ರಲ್ಲಿ ಎರಡು ವರ್ಷದ ಮನೋರಮಾಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದರು. ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸಭೆಯ ಕನ್ಯಾಸ್ತ್ರೀಯರ ಮಠ ಅವರಿಗೆ ಆಶ್ರಯ ಕೊಟ್ಟಿತು. ದಾರಿ ತಪ್ಪಿದ ಹೆಂಗಸರನ್ನು ಆ ಕನ್ಯಾಸ್ತ್ರೀಯರು ತಾಯಿಯಂತೆ ಸಲಹುವುದನ್ನು ಕಂಡು ರಮಾಬಾಯಿಯ ಹೃದಯ ಕರಗಿತು. ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಯೇಸುಸ್ವಾಮಿ ಮಾತಾಡಿದ ಪ್ರಸಂಗ ಅವರನ್ನು ತಟ್ಟಿತು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು. ಅವರು ನಮ್ಮ ಕಥೋಲಿಕ ಧರ್ಮಸಭೆಯವರಾಗಲಿಲ್ಲ. ಆದರೂ ಕ್ರಿಸ್ತನನ್ನು ಹುಡುಕಿದ ಅವರ ಪ್ರಾಮಾಣಿಕತೆಯಿಂದ ನಾವು ಕಲಿಯುವುದು ಬಹಳವಿದೆ.

ಆದರೆ ವೈದ್ಯಕೀಯದ ಬಾಗಿಲು ತೆರೆಯಲಿಲ್ಲ. ಅವರ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆ ಕಲಿಕೆ ಸಾಧ್ಯವಿಲ್ಲವೆಂದು ತಿಳಿಯಿತು. ಇಷ್ಟು ದೂರ, ಕೂಸನ್ನು ಕಟ್ಟಿಕೊಂಡು, ಸಮುದ್ರ ದಾಟಿ ಬಂದದ್ದು ಯಾವುದಕ್ಕೋ ಅದೇ ಇಲ್ಲ! ಮತ್ತೆ ಕೆಲಸ ಹುಡುಕಲು ಹೊರಟ ತಾಯಂದಿರಿಗೆ ಈ ನೋವು ಹೊಸದಲ್ಲ. ಬಯಸಿದ ಹುದ್ದೆಗೆ ವಯಸ್ಸು ಮೀರಿದೆ ಎನ್ನುತ್ತಾರೆ, ನಡುವೆ ಇಷ್ಟು ವರ್ಷ ಏನು ಮಾಡಿದಿರಿ ಎಂದು ಕೇಳುತ್ತಾರೆ. ರಮಾಬಾಯಿ ಅಳುತ್ತ ಕೂರಲಿಲ್ಲ. ತಮ್ಮಲ್ಲಿ ಇದ್ದುದು ಏನು ಎಂದು ನೋಡಿಕೊಂಡರು. ತಾಯಿ ಮುಂಜಾವಿನಲ್ಲಿ ಕಲಿಸಿದ ಸಂಸ್ಕೃತವಿತ್ತು. 1884ರಲ್ಲಿ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜು ಸೇರಿ, ಮುಖ್ಯೋಪಾಧ್ಯಾಯಿನಿ ಡೊರೊಥಿಯಾ ಬೀಲ್ ಅವರ ಆಸರೆಯಲ್ಲಿ ಸಂಸ್ಕೃತ ಕಲಿಸುತ್ತ, ಇಂಗ್ಲಿಷ್ ಮತ್ತು ವಿಜ್ಞಾನಗಳನ್ನು ಕಲಿತರು. ವೈದ್ಯೆಯಾಗಲು ಬಂದವರು ಶಿಕ್ಷಕಿಯಾದರು.

ಈ ವರ್ಷಗಳಲ್ಲಿ ಮಗಳನ್ನು ಕೆಲವು ಕಾಲ ವಾಂಟೇಜಿನ ಕನ್ಯಾಸ್ತ್ರೀಯರ ಬಳಿ ಬಿಡಬೇಕಾಯಿತು. ತಾಯಿಗೆ ಅದು ಸುಲಭವಾಗಿರಲಿಲ್ಲ. ಮಗುವನ್ನು ಹೇಗೆ ಬೆಳೆಸಬೇಕು, ಏನು ಕಲಿಸಬೇಕು ಎಂಬುದರಲ್ಲಿ ಆಕೆಗೂ ಕನ್ಯಾಸ್ತ್ರೀಯರಿಗೂ ಅನೇಕ ಪತ್ರಗಳಲ್ಲಿ ವಾದ ನಡೆಯಿತು. ಮಗುವನ್ನು ನೋಡಿಕೊಳ್ಳಲು ಕೊಟ್ಟೆನೆಂದ ಮಾತ್ರಕ್ಕೆ ತಾಯ್ತನವನ್ನು ಕೊಟ್ಟಿಲ್ಲ ಎಂಬುದು ರಮಾಬಾಯಿಯ ನಿಲುವು. ಕೃತಜ್ಞತೆ ಬೇರೆ, ಹೊಣೆ ಬೇರೆ. ಇಂದು ಅಜ್ಜಿಯ ಬಳಿ, ನೆರೆಮನೆಯಲ್ಲಿ, ಅಂಗನವಾಡಿಯಲ್ಲಿ ಮಗುವನ್ನು ಬಿಟ್ಟು ಹೋಗುವ ತಾಯಿಗೂ ಈ ಎರಡನ್ನು ತೂಗಿ ನಡೆಯುವ ಕಷ್ಟ ಗೊತ್ತು.

ಶಾರದಾ ಸದನ

1886ರಲ್ಲಿ ಅಮೆರಿಕಕ್ಕೆ ಹೋದರು. ಬಂಧುವಾದ ಆನಂದಿಬಾಯಿ ಜೋಶಿ ಅಲ್ಲಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲು ಹೊರಟವರು ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದರು. ಚಿಕ್ಕಮಕ್ಕಳಿಗೆ ಆಟದ ಮೂಲಕ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಶಿಷ್ಯೆಯಾಗಿ ಕಲಿತರು. 1887ರಲ್ಲಿ ಮೇಲುಜಾತಿಯ ಹಿಂದೂ ಸ್ತ್ರೀಯ ಬಾಳನ್ನು ಕುರಿತ ಇಂಗ್ಲಿಷ್ ಪುಸ್ತಕ ಪ್ರಕಟವಾಯಿತು. ಅದೇ ವರ್ಷದ ಕೊನೆಯಲ್ಲಿ ಬಾಸ್ಟನ್ ನಗರದಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ಹತ್ತು ವರ್ಷ ಹಣದ ನೆರವು ಕೊಡಲು ಒಪ್ಪಿಕೊಂಡಿತು.

ಸ್ವದೇಶಕ್ಕೆ ಬಂದ ಕೆಲವೇ ವಾರಗಳಲ್ಲಿ, 1889ರ ಮಾರ್ಚ್ 11ರಂದು, ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂತು. ವಿಧವೆಯರು ಅಲ್ಲಿ ಓದು ಕಲಿತು, ಸ್ವಂತ ಕಾಲ ಮೇಲೆ ನಿಲ್ಲುವ ದಾರಿ ಕಂಡುಕೊಳ್ಳಬೇಕೆಂಬುದು ಉದ್ದೇಶ. ಮೊದಲು ಸೇರಿದವರಲ್ಲಿ ಗೋದೂಬಾಯಿ ಎಂಬ ತರುಣ ವಿಧವೆಯೂ ಒಬ್ಬರು. 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಆಕೆಯನ್ನು ಮದುವೆಯಾದರು. ಆಮೇಲೆ ಕರ್ವೆಯವರೂ ವಿಧವೆಯರಿಗಾಗಿ ಆಶ್ರಮ ತೆರೆದರು. ಗೋದೂಬಾಯಿಯ ತಂಗಿ ಪಾರ್ವತಿಬಾಯಿ ಆಠವಲೆ ಕೂಡ ವಿಧವೆ, ಒಬ್ಬ ಮಗನ ತಾಯಿ. ಆಕೆ ದೊಡ್ಡವಳಾದ ಮೇಲೆ ಅಕ್ಷರ ಕಲಿತು, ಅದೇ ಆಶ್ರಮಕ್ಕಾಗಿ ದುಡಿದು, ಹಣ ಕೂಡಿಸಲು ಅಮೆರಿಕದವರೆಗೂ ಹೋಗಿ ಬಂದರು. ಒಂದು ದೀಪದಿಂದ ಇನ್ನೊಂದು ದೀಪ ಹೊತ್ತಿಕೊಳ್ಳುವುದು ಹೀಗೆ.

ಎಲ್ಲವೂ ಸುಗಮವಾಗಿ ನಡೆಯಲಿಲ್ಲ. ಸದನದಲ್ಲಿ ಯಾರ ಧರ್ಮಕ್ಕೂ ಕೈ ಹಾಕುವುದಿಲ್ಲ ಎಂಬ ಮಾತಿತ್ತು. ಆದರೆ ರಮಾಬಾಯಿ ಪ್ರಾರ್ಥನೆ ಮಾಡುವಾಗ ತಮ್ಮ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ, ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಪುಣೆಯಲ್ಲಿ ದೊಡ್ಡ ಗದ್ದಲವೆದ್ದು, ಎಷ್ಟೋ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ನಂಬಿ ಕಳಿಸಿದ ಮನೆಯವರ ಕಳವಳವೂ ನಿಜ, ತನ್ನ ವಿಶ್ವಾಸವನ್ನು ಬಚ್ಚಿಡಲಾರದ ಆಕೆಯ ಸಂಕಟವೂ ನಿಜ. ಸದನ ಮಾತ್ರ ಮುಚ್ಚಲಿಲ್ಲ.

ಕೇಡಗಾಂವ್‌ನ ಮುಕ್ತಿ

ವಾಡಿಯಿಂದ ಪುಣೆಯ ರೈಲು ಹತ್ತಿದರೆ ಶಹಾಬಾದ್, ಕಲಬುರಗಿ, ಸೊಲ್ಲಾಪುರ ದಾಟಿ, ದೌಂಡ್ ಆದ ಮೇಲೆ ಕೇಡಗಾಂವ್ ಎಂಬ ನಿಲ್ದಾಣ ಬರುತ್ತದೆ. ಬಾಸ್ಟನ್ನಿನ ನೆರವು ಹತ್ತು ವರ್ಷಕ್ಕೆ ಮುಗಿಯುವುದೆಂದು ತಿಳಿದಿದ್ದ ರಮಾಬಾಯಿ ಅಲ್ಲಿ ಮುಂಚಿತವಾಗಿ ಜಮೀನು ಕೊಂಡು ಹಣ್ಣಿನ ತೋಟ ಹಾಕಿಸಿದರು. ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಬರುವ ಗೃಹಿಣಿಯೂ ಹೊಲವನ್ನು ನೋಡಿ ಕೊಂಡು, ಕೈದುಡಿಮೆಯ ಹಣದಿಂದ ದ್ರಾಕ್ಷಿತೋಟ ಮಾಡುತ್ತಾಳಲ್ಲವೇ?

1896–97ರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರಗಾಲ. ಹಸಿವಿನಿಂದ ತಂದೆತಾಯಿಯನ್ನು ಕಳೆದುಕೊಂಡಿದ್ದ ರಮಾಬಾಯಿಗೆ ಆ ಸುದ್ದಿ ಕೇಳಿ ಕೂರಲಾಗಲಿಲ್ಲ. ತಾವೇ ಹೋಗಿ ನೂರಾರು ಹೆಂಗಸರು ಮಕ್ಕಳನ್ನು ಕರೆತಂದರು. ಕೇಡಗಾಂವ್‌ನ ತೋಟ ಮುಕ್ತಿ ಎಂಬ ಆಶ್ರಯಧಾಮವಾಯಿತು. 1900ರ ಗುಜರಾತಿನ ಬರಗಾಲದ ಅನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು.

ಅಲ್ಲಿ ಕೂತು ಉಣ್ಣುವುದು ಇರಲಿಲ್ಲ. ಬೇಸಾಯ, ಹೈನುಗಾರಿಕೆ, ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಅಚ್ಚುಕೂಟ ಹೀಗೆ ಪ್ರತಿಯೊಬ್ಬರಿಗೂ ಒಂದು ಕಸುಬು. ಕುರುಡರಿಗೆ ಬಾರ್ತಿಮೀ ಸದನ, ವೃದ್ಧೆಯರಿಗೆ ಪ್ರೀತಿ ಸದನ, ಮೋಸಹೋದ ಹೆಂಗಸರಿಗೆ ಕೃಪಾ ಸದನ. ಮಕ್ಕಳಿಗೆ ಶಾಲೆ ಅದೇ ಆವರಣದಲ್ಲಿ. ತಾಯಿಗೆ ದುಡಿಮೆಯನ್ನೂ ಮಗುವಿಗೆ ನೆಲೆಯನ್ನೂ ಒಂದೇ ಬೇಲಿಯೊಳಗೆ ಕೊಟ್ಟದ್ದು ರಮಾಬಾಯಿಯ ದೊಡ್ಡ ಕೊಡುಗೆ ಎಂದು ನನಗೆ ತೋರುತ್ತದೆ. ಕೂಸನ್ನು ಎತ್ತಿಕೊಂಡು ಕೆಲಸಕ್ಕೆ ಅಲೆದವರಿಗೆ ಮಾತ್ರ ಅದರ ಅಗತ್ಯ ಅಷ್ಟು ಚೆನ್ನಾಗಿ ಹೊಳೆಯಬಲ್ಲದು. ಆ ಅಚ್ಚುಕೂಟದಲ್ಲಿ ಹೆಂಗಸರೇ ಮೊಳೆ ಜೋಡಿಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಸರಳ ಮರಾಠಿಗೆ ಅನುವಾದಿಸಿದ ಬೈಬಲ್ 1924ರಲ್ಲಿ ಹೊರಬಂತು.

ಕಲಬುರಗಿಗೆ ಬಂದ ಮಗಳು

ತಾಯಿಯ ಕಂಕುಳಲ್ಲಿ ಊರೂರು ಸುತ್ತಿದ ಮನೋರಮಾ ಏನಾದಳು? ಕೆಲಸಕ್ಕೆ ಹೊರಟ ತಾಯಿಯ ಮಗು ಕೆಡುತ್ತದೆ ಎನ್ನುವವರಿಗೆ ಆಕೆಯ ಬಾಳೇ ಉತ್ತರ. ದೇಶವಿದೇಶಗಳಲ್ಲಿ ಓದಿ, ಬಿ.ಎ. ಪದವಿ ಪಡೆದು, ತಾಯಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದಳು. 1912ರಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ತಾಯಿಯ ನೆರವಿನಿಂದ ಕ್ರೈಸ್ತ ಹೈಸ್ಕೂಲನ್ನು ತೆರೆದಳು. ವಿದ್ಯೆಯ ಅನುಕೂಲ ಬಹಳ ಕಡಿಮೆಯಿದ್ದ ನಮ್ಮ ಈ ಸೀಮೆಗೆ ಗಂಗಾಮೂಲದ ನೀರು ಹೀಗೆ ಹರಿದು ಬಂತು.

ತಾಯಿಯ ಮುಪ್ಪಿಗೆ ಮಗಳೇ ಊರುಗೋಲು ಎಂದು ಎಲ್ಲರೂ ಎಣಿಸಿದ್ದರು. ದೈವಚಿತ್ತ ಬೇರೆಯಾಗಿತ್ತು. 1921ರ ಜುಲೈನಲ್ಲಿ ನಲವತ್ತು ವರ್ಷದ ಮನೋರಮಾ ತೀರಿಕೊಂಡಳು. ವರ್ಷ ತುಂಬುವುದರೊಳಗೆ, 1922ರ ಏಪ್ರಿಲ್ 5ರಂದು, ರಮಾಬಾಯಿಯೂ ಕಣ್ಣು ಮುಚ್ಚಿದರು. 1919ರಲ್ಲಿ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತ್ತು. 1989ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು.

ನಮ್ಮ ಮನೆಗಳಿಗೆ ಒಂದು ಮಾತು

ಪ್ರಿಯ ತಾಯಂದಿರೇ, ನೀವು ರಮಾಬಾಯಿಯಂತೆ ಸಮುದ್ರ ದಾಟಬೇಕಿಲ್ಲ. ಆದರೆ ಮನೆಯಲ್ಲಿ ಕಳೆದ ವರ್ಷಗಳನ್ನು ಖಾಲಿ ವರ್ಷಗಳೆಂದು ಎಣಿಸಬೇಡಿ. ಒಂದು ಸಂಬಳದಲ್ಲಿ ತಿಂಗಳು ತೂಗಿಸಿದವರಿಗೆ ಲೆಕ್ಕ ಗೊತ್ತು. ಹಟ ಮಾಡುವ ಮಗುವಿಗೆ ಅಕ್ಷರ ಕಲಿಸಿದವರಿಗೆ ಪಾಠ ಹೇಳಲು ಗೊತ್ತು. ಬಯಸಿದ ಬಾಗಿಲು ಮುಚ್ಚಿದ್ದರೆ, ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಕೀಲಿ ಯಾವ ಬಾಗಿಲಿಗೆ ಹೊಂದುತ್ತದೆ ಎಂದು ನೋಡಿ. ಮರೆತದ್ದನ್ನು ಮತ್ತೆ ಕಲಿಯಲು ನಾಚಬೇಡಿ. ಬಿರುದು ಪಡೆದ ಪಂಡಿತೆಯೇ ಕಿಂಡರ್‌ಗಾರ್ಟನ್ ತರಗತಿಯಲ್ಲಿ ಶಿಷ್ಯೆಯಾಗಿ ಕೂತರು.

ಮನೆಯಲ್ಲೇ ಉಳಿಯಲು ಬಯಸುವ ತಾಯಿಯ ಬಾಳು ಕಡಿಮೆಯದೆಂದು ಇದರ ಅರ್ಥವಲ್ಲ. ಲಕ್ಷ್ಮೀಬಾಯಿಯವರ ಮುಂಜಾವು ಇಲ್ಲದಿದ್ದರೆ ರಮಾಬಾಯಿಯ ಶಾಲೆ ಎಲ್ಲಿ ಇರುತ್ತಿತ್ತು? ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದಲ್ಲಿ ಇದನ್ನೇ ಎತ್ತಿ ಹೇಳಿದ್ದಾರೆ. ತಾಯ್ತನವನ್ನು ಬಲಿಕೊಟ್ಟು ಹೆಣ್ಣು ಮುಂದೆ ಬರಬೇಕಾಗಬಾರದು. ಅದಕ್ಕೆ ತಕ್ಕಂತೆ ಕೆಲಸದ ವ್ಯವಸ್ಥೆಯೇ ಬದಲಾಗಬೇಕು ಎಂಬುದು ಅವರ ಬೋಧನೆಯ ಸಾರ.

ಆದ್ದರಿಂದ ಗಂಡಂದಿರೇ, ಅತ್ತೆ ಮಾವಂದಿರೇ, ಕೊನೆಯ ಮಾತು ನಿಮಗೆ. ದುಡಿಯುವ ತಾಯಿಗೆ ಒಪ್ಪಿಗೆ ಕೊಟ್ಟರೆ ಸಾಲದು, ಅವಳ ಹೊರೆಯಲ್ಲಿ ಪಾಲು ತೆಗೆದುಕೊಳ್ಳಬೇಕು. 2017ರ ಕಾನೂನು ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು ವಿಧಿಸಿತು. 2023ರಲ್ಲಿ ಕರ್ನಾಟಕ ಸರ್ಕಾರ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯಲು ಶುರುಮಾಡಿತು. ಇವು ನಿಮ್ಮ ಊರಿನಲ್ಲಿ ನಡೆಯುತ್ತಿವೆಯೇ ಎಂದು ಪಂಚಾಯಿತಿಗೆ ಹೋಗಿ ಕೇಳಿ. ಕಾನೂನು ತಲುಪದ ಕಡೆ ನೆರೆಹೊರೆ ತಲುಪಲಿ. ಸಂಜೆ ಎರಡು ಗಂಟೆ ನೆರೆಮನೆಯ ಮಗುವನ್ನು ನೋಡಿಕೊಳ್ಳುವುದು ಸಣ್ಣ ಸೇವೆಯೇನಲ್ಲ.

ಅಂದು ಸಿಲ್ಚಾರಿನಲ್ಲಿ ಕೂಸನ್ನು ಎದೆಗವಚಿಕೊಂಡು ನಿಂತಿದ್ದ ಇಪ್ಪತ್ತಮೂರರ ವಿಧವೆಗೆ ಪುಣೆಯಲ್ಲಿ ಕೆಲವರು ಬಾಗಿಲು ತೆರೆದರು. ಆ ಒಂದು ಬಾಗಿಲಿನಿಂದ ಸಾವಿರಾರು ತಾಯಂದಿರು ಮಕ್ಕಳು ಬದುಕಿಗೆ ಹೊಕ್ಕರು. ನಿಮ್ಮ ಮನೆಯ ಬಾಗಿಲಲ್ಲಿ ಇಂದು ಅಂಥವರು ಯಾರಾದರೂ ನಿಂತಿದ್ದಾರೆಯೇ, ಒಮ್ಮೆ ನೋಡಿ.